ನಾಲ್ಕು ಮೂಲೆಗೆ ಭಂಡಾರ

ಬಂಡೆಪ್ಪ ಸುಳ್ಳು ಹೇಳಲು ಅಂಜುವ ಮನುಷ್ಯನಲ್ಲ. ಆಳುಗಳ ಮೇಸ್ತ್ರಿ ಮುಕಾದಮನಿಗೆ ಹೇಳುತ್ತಿದ್ದ, ಬಾಡಿಗೆ ಖೋಲಿಯ ಮಾಲಕನಿಗೆ ಹೇಳುತ್ತಿದ್ದ, ಹೆಂಡತಿಗಂತೂ ದಿನಕ್ಕೊಂದಾದರೂ ಹೇಳುತ್ತಿದ್ದ. ಆದರೆ ಭಂಡಾರ ಮುಟ್ಟಿ ಮಾತ್ರ ಜನ್ಮದಲ್ಲಿ ಸುಳ್ಳಾಡಿದವನಲ್ಲ. ಬೀರಪ್ಪನ ಗುಡಿಯಿಂದ ತಂದ ಅರಿಶಿನದ ಪುಡಿಗೆ ಕುರುಬರ ಮನೆಗಳಲ್ಲಿ ಭಂಡಾರ ಎನ್ನುತ್ತಾರೆ. ಕುರಿ ಕಳುವಾದಾಗ, ಬದುವಿನ ಜಗಳ ಬಡಿಗೆಗೆ ಬಂದಾಗ, ಗಂಡಹೆಂಡಿರ ನಡುವೆ ಅನುಮಾನ ಹೊಕ್ಕಾಗ, ಅದರ ಒಂದು ಚಿಟಿಕೆಯನ್ನು ಅಂಗೈಗೆ ಹಾಕಿ "ಈಗ ಹೇಳು" ಎನ್ನುತ್ತಾರೆ. ಲಾಠಿ ಏಟಿಗೆ ಬಾಯಿ ಬಿಡದ ಗಂಡಸರು ಆ ಹಳದಿ ಪುಡಿಯ ಮುಂದೆ ತೊದಲಿದ್ದುಂಟು.

ಬಂಡೆಪ್ಪನ ಮನೆಯಲ್ಲಿ ಈ ಪದ್ಧತಿ ಕಾಗದಪತ್ರಕ್ಕೂ ಬಂದಿತ್ತು. ತಂದವಳು ತಾಯಿ ಕಾಡವ್ವ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಬರುವವರ ಮೇಲೆ ನಂಬಿಕೆಯೂ ಇರಲಿಲ್ಲ. ಹಿರಿಮಗಳು ಮಾಯಕ್ಕನನ್ನು ಖಾನಾಪುರಕ್ಕೆ ಕೊಟ್ಟಾಗಲೇ ಹೇಳಿಬಿಟ್ಟಿದ್ದಳು: "ಬರಿಯಾಂವ ಒಬ್ಬ, ಓದಾಂವ ಒಬ್ಬ. ನಡುವ ನನ್ನ ಮಗಳು ಇದ್ದಾಳೋ ಸತ್ತಾಳೋ ನನಗ ಹೆಂಗ ತಿಳೀಬೇಕು? ನಾಕೂ ಮೂಲಿಗೆ ಭಂಡಾರ ಹಚ್ಚಿ ಕಳಸವ್ವಾ. ಭಂಡಾರ ಇದ್ರ ಖರೆ ಅಂತೀನಿ. ಇಲ್ಲಂದ್ರ ನಾನ ಬಂದು ಕಣ್ಣಿಲೆ ನೋಡತೀನಿ."

ಒಮ್ಮೆ ಭಂಡಾರವಿಲ್ಲದ ಬರಿಯ ಕಾಗದ ಬಂದಿತ್ತು. ಒಳಗೆ "ಎಲ್ಲರೂ ಕ್ಷೇಮ" ಎಂದೇ ಇತ್ತು. ಮುದುಕಿ ಅಂದೇ ಬಸ್ಸು ಹತ್ತಿ ಹೋದಳು. ಮಾಯಕ್ಕನ ಚೊಚ್ಚಲ ಕೂಸು ತೀರಿ ಮೂರು ದಿನವಾಗಿತ್ತು. ಆ ಮಾತನ್ನು ಇನ್ನೊಬ್ಬರ ಕೈಯಿಂದ ಬರೆಸಲು ಮಾಯಕ್ಕನಿಗೆ ಬಾಯಿ ಬಂದಿರಲಿಲ್ಲ, ಭಂಡಾರ ಹಚ್ಚಲು ಕೈ ಬಂದಿರಲಿಲ್ಲ.

ಕಾಡವ್ವ ಸತ್ತ ಮೇಲೂ ಅಕ್ಕತಮ್ಮ ಅದನ್ನು ಬಿಡಲಿಲ್ಲ.

ಬಂಡೆಪ್ಪ ಕಿತ್ತೂರ ಕಡೆಯ ಹಳ್ಳಿಯಿಂದ ಬೆಳಗಾವಿಗೆ ಬಂದದ್ದು ಎಂಬತ್ತೆರಡರಲ್ಲಿ. ಆಗವನಿಗೆ ಇಪ್ಪತ್ತೆರಡು. ಹೆಂಡತಿ ಭೀಮಕ್ಕನ ಹೊಟ್ಟೆಯಲ್ಲಿ ರೂಪಾಲಿ ಇದ್ದಳು. ಮಜಗಾವಿಯಲ್ಲಿ ಒಂದು ಖೋಲಿ ಹಿಡಿದ, ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕೆಲಸ ಹಿಡಿದ. ಅಚ್ಚಿನಿಂದ ಬಿಚ್ಚಿದ ಎರಕದ ಮೈಮೇಲೆ ಸುಟ್ಟ ಮರಳು ಕಚ್ಚಿಕೊಂಡಿರುತ್ತದೆ. ಅದನ್ನು ಉಳಿಯಿಂದ ಕೆತ್ತಬೇಕು, ಆಮೇಲೆ ಗ್ರೈಂಡರ್ ಹಿಡಿದು ಉಜ್ಜಬೇಕು. ಎದುರು ನಿಂತವನ ಮುಖ ಕಾಣದಷ್ಟು ಧೂಳು. ಮೂಗಿಗೆ ಭೀಮಕ್ಕನ ಹಳೆಯ ಸೀರೆಯ ಚೂರು. ಸಂಜೆ ಪಾಳಿ ಬಿಟ್ಟಾಗ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಬೂದಿ. ಗೇಟಿನಿಂದ ಹೊರಬರುವ ಸಾಲು ನೋಡಿದರೆ, ಬೆಳಿಗ್ಗೆ ಒಳಗೆ ಹೋದ ಹುಡುಗರು ಸಂಜೆಗೆ ಮುದುಕರಾಗಿ ಬಂದಂತೆ ಕಾಣುತ್ತಿತ್ತು.

ಧೂಳಿಗೆ ಫೌಂಡ್ರಿಯ ಮಾಲಕ ಒಂದು ಮದ್ದು ಕೊಡುತ್ತಿದ್ದ. ದಿನಾ ಮಧ್ಯಾಹ್ನ ತಲೆಗೊಂದು ಬೆಲ್ಲದ ಹೆಂಟೆ. ಬೆಲ್ಲ ತಿಂದರೆ ಧೂಳು ಗಂಟಲಿನಿಂದ ಹೊಟ್ಟೆಗಿಳಿದು ಹೊರಬೀಳುತ್ತದೆ ಎಂದು ಮುಕಾದಮ ಹೇಳುತ್ತಿದ್ದ. ಧೂಳು ಹೋಗುತ್ತಿದ್ದದ್ದು ಹೊಟ್ಟೆಗಲ್ಲ, ಎದೆಗೆ. ಬೆಲ್ಲಕ್ಕೆ ಆ ದಾರಿ ಗೊತ್ತಿರಲಿಲ್ಲ. ಒಂದು ವರ್ಷ ಮೂವರು ಸೇರಿ ಬಾಯಿಗೆ ಕಟ್ಟುವ ಒಳ್ಳೆಯ ಪಟ್ಟಿ ಕೊಡಿ ಎಂದು ಕೇಳಿದರು. ಮರುದಿನ ಮೂವರಿಗೂ ಗೇಟು ತೆರೆಯಲಿಲ್ಲ. ಬಂಡೆಪ್ಪ ಆ ಮೂವರಲ್ಲಿ ಇರಲಿಲ್ಲ. ಇರಬೇಕಿತ್ತು. ಅವನು ಬೆಲ್ಲ ತಿಂದ, ಹದಿನೇಳು ವರ್ಷ ತಿಂದ.

ತೊಂಬತ್ತೆಂಟರ ಮಳೆಗಾಲದಲ್ಲಿ ಕೆಮ್ಮು ಹಿಡಿಯಿತು, ಬಿಡಲಿಲ್ಲ. ಒಬ್ಬ ಡಾಕ್ಟರು ಎದೆಯ ಫೋಟೋ ತೆಗೆಸಿ ಟೀಬಿ ಎಂದ. ಆರು ತಿಂಗಳು ಗುಳಿಗೆ ನುಂಗಿದ, ಉಚ್ಚೆ ಕೆಂಪಾಯಿತು, ಕೆಮ್ಮು ಹಾಗೇ ಉಳಿಯಿತು. ಇನ್ನೊಬ್ಬ ಮತ್ತೆ ಟೀಬಿ ಎಂದ, ಮತ್ತೆ ಎಂಟು ತಿಂಗಳು ಗುಳಿಗೆ. ಕಡೆಗೆ ಸರಕಾರಿ ದವಾಖಾನೆಯಲ್ಲಿ ಹೊಸದಾಗಿ ಬಂದಿದ್ದ ಹೆಂಗಸು, ಎಲ್ಲರೂ ಡಾಕ್ಟರ್ ಬಾಯಿ ಎನ್ನುವವಳು, ಯಾರೂ ಕೇಳದ ಮಾತು ಕೇಳಿದಳು: "ಏನು ಕೆಲಸ ಮಾಡತೀರಿ?"

ಹೇಳಿದ. ಅವಳು ಫೋಟೋವನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಇದು ಟೀಬಿ ಅಲ್ಲ. ಮರಳಿನ ಧೂಳು ಎದಿಯೊಳಗ ಕೂತು ಗಟ್ಟಿ ಆಗೇದ. ಇನ್ನೊಬ್ಬರಿಗೆ ಅಂಟೂದಿಲ್ಲ."

"ಗುಳಿಗಿ ಬರಕೊಡ್ರಿ ಮತ್ತ."

"ಇದಕ್ಕ ಗುಳಿಗಿ ಇಲ್ಲ. ಧೂಳಿನಾಗ ಹೋಗಬ್ಯಾಡ್ರಿ, ಅಷ್ಟ."

ಅಷ್ಟೊತ್ತಿಗೆ ಅವನು ಹೋಗುವ ಸ್ಥಿತಿಯಲ್ಲೂ ಇರಲಿಲ್ಲ. ಎರಡು ಸಾವಿರದ ಇಸವಿಯ ಸಂಕ್ರಾಂತಿಗೆ ಗ್ರೈಂಡರ್ ಎತ್ತಲಾಗದೆ ಮನೆಯಲ್ಲಿ ಕುಳಿತ. ಭೀಮಕ್ಕ ಟಿಳಕವಾಡಿಯ ನಾಲ್ಕು ಮನೆಗಳಲ್ಲಿ ಭಾಂಡೆ ತಿಕ್ಕಿ, ಅರಿವೆ ಒಗೆದು ಸಂಸಾರ ಎಳೆದಳು. ಹತ್ತನೆಯ ಇಯತ್ತೆ ಮುಗಿಸಿದ್ದ ರೂಪಾಲಿ ಹೊಲಿಗೆ ಮೆಶೀನು ತುಳಿದಳು.

ಖಾನಾಪುರಕ್ಕೆ ಈ ಸುದ್ದಿ ಬರೆಯುವುದು ಹೇಗೆ? ಮಾಯಕ್ಕನಿಗೂ ಅಕ್ಷರ ಬರುವುದಿಲ್ಲ. ಅವಳ ಓಣಿಯ ಮಕ್ಕಳೆಲ್ಲ ಮರಾಠಿ ಸಾಲಿಯವರು. ಕನ್ನಡ ಕಾಗದ ಓದುವವಳು ಬಾಜು ಮನೆಯ ಕಾಂತಾ ಒಬ್ಬಳೇ, ಬೈಲಹೊಂಗಲ ಕಡೆಯಿಂದ ಮದುವೆಯಾಗಿ ಬಂದ ಹೆಣ್ಣು. ಕಟ್ಟೆಯ ಮೇಲೆ ಕುಳಿತು, ಗಂಟಲು ಸರಿಮಾಡಿಕೊಂಡು, ಅರ್ಧ ಓಣಿಗೆ ಕೇಳುವಂತೆ ಓದುತ್ತಿದ್ದಳು. ಮಾಯಕ್ಕನ ಉತ್ತರ ಬರೆಯುವವಳೂ ಅವಳೇ. ಅದೂ ಸಾಲದೆಂಬಂತೆ, ಹೆಂಚಿನ ಕಾರ್ಖಾನೆಯಲ್ಲಿ ದುಡಿಯುವ ಕಾಂತಾಳ ಮೈದುನನಿಗೆ ರೂಪಾಲಿಯನ್ನು ತೆಗೆದುಕೊಳ್ಳುವ ಮಾತು ನಡೆದಿತ್ತು. ಹುಡುಗಿಯ ಅಪ್ಪನ ಎದೆ ಕೆಟ್ಟಿದೆ ಎಂದು ಕಾಂತಾ ತನ್ನ ಬಾಯಿಂದಲೇ ಓದಿದರೆ ಆ ಮಾತು ಅಲ್ಲಿಗೇ ಮುಗಿದಂತೆ. ಟೀಬಿ ಅಲ್ಲ, ಅಂಟುವುದಿಲ್ಲ ಎಂದರೆ ಯಾವ ಓಣಿ ಕೇಳುತ್ತದೆ?

ಹಾಗಾಗಿ ಬಂಡೆಪ್ಪ ಎರಡು ವರ್ಷ "ಇತ್ತ ನಾವೆಲ್ಲ ಕ್ಷೇಮ" ಎಂದು ಬರೆದ. ನಾಗರಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲು ಹೋಗಲಿಲ್ಲ. ಓವರ್‌ಟೈಮ್ ಇದೆ ಎಂದು ಬರೆದ. ಆದರೆ ಒಂದು ಕಾಗದಕ್ಕೂ ಭಂಡಾರ ಹಚ್ಚಲಿಲ್ಲ. ಮಡಚಿ, ಅಂಟಿಸಿ, ಮೂಲೆಗಳನ್ನು ಬರಿದಾಗಿಯೇ ಬಿಟ್ಟು ಭೀಮಕ್ಕನ ಕೈಗೆ ಕೊಡುತ್ತಿದ್ದ. ಅವಳು ಕೆಲಸಕ್ಕೆ ಹೋಗುವ ದಾರಿಯಲ್ಲಿ ಟಪಾಲ ಡಬ್ಬಿಗೆ ಹಾಕುತ್ತಿದ್ದಳು.

ಅಕ್ಕನಿಗೆ ತಿಳಿದಿರುತ್ತದೆ ಎಂದುಕೊಂಡಿದ್ದ. ಮೊದಮೊದಲು ಬಾಗಿಲ ಕಡೆ ನೋಡುತ್ತಿದ್ದ, ಇವತ್ತು ಬರಬಹುದು, ನಾಳೆ ಬರಬಹುದು. ಅವ್ವನಾಗಿದ್ದರೆ ಅಂದೇ ಬಸ್ಸು ಹತ್ತುತ್ತಿದ್ದಳು. ಅಕ್ಕ ಬರಲಿಲ್ಲ. ಪಂಚಮಿಗೆ ಕರೆಯದ ತವರಿಗೆ ಹೆಣ್ಣುಮಗಳು ತಾನಾಗಿ ಹೇಗೆ ಬಂದಾಳು ಎಂದು ತನ್ನನ್ನೇ ಸಮಾಧಾನ ಮಾಡಿಕೊಂಡ. ಎರಡನೆಯ ವರ್ಷ ಆ ಸಮಾಧಾನ ಹುಳಿತು ಸಿಟ್ಟಾಯಿತು. ಅವಳಿಂದ ಬರುವ ಕಾಗದಗಳಲ್ಲಿ ಕುರಿ ಈದದ್ದು, ಹೊಳೆ ತುಂಬಿದ್ದು, ಗಂಡನ ಮೊಣಕಾಲು ನೋವು. ನಾಲ್ಕು ಮೂಲೆಗೂ ಭಂಡಾರ.

ಮೇ ತಿಂಗಳಲ್ಲಿ ಒಂದು ಇನ್‌ಲ್ಯಾಂಡ್ ಬಂತು. ಕಾಂತಾಳ ದುಂಡು ಅಕ್ಷರ.

"ತಮ್ಮ ಬಂಡೆಪ್ಪನಿಗೆ ಅಕ್ಕ ಮಾಯಕ್ಕ ಮಾಡುವ ಆಶೀರ್ವಾದ. ಇತ್ತ ನಾವೆಲ್ಲ ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯುವುದು. ನಾವು ಕುರಿ ಮೇಯಿಸುವ ಮಾಳವೆಲ್ಲ ಪ್ಲಾಟು ಆಯಿತು, ಕಲ್ಲು ನೆಟ್ಟಿದ್ದಾರೆ. ಅರವತ್ತು ಕುರಿ ಎಲ್ಲಿ ಬಿಡುವುದು. ಕೊಳ್ಳುವವರು ಬಂದಿದ್ದಾರೆ. ನಿಮ್ಮ ಫೌಂಡ್ರಿಯ ಮುಕಾದಮನ ಕಡೆಯವರು ಇಲ್ಲಿ ಬಂದು ಹನ್ನೆರಡು ಆಳು ಬೇಕೆಂದು ಹೇಳಿ ಹೋದರು. ನಿನ್ನ ಮಾವ ನಿನ್ನ ಹಂತೇಕ ಬಂದು ಅದೇ ಕೆಲಸ ಮಾಡಬಹುದೇ ತಿಳಿಸು. ಮಿರಗದ ಮಳೆಗಿಂತ ಮೊದಲು ತಿಳಿಸು."

ಬಂಡೆಪ್ಪ ಎರಡು ಸಲ ಓದಿದ. ಎದೆಯಲ್ಲಿ ಗಾಳಿ ಇದ್ದಿದ್ದರೆ ಕೂಗುತ್ತಿದ್ದ.

"ನೋಡ ಇಕಿನ್ನ," ಎಂದ ಭೀಮಕ್ಕನಿಗೆ. "ತಮ್ಮ ಸಾಯಾಕತ್ಯಾನ ಅಂತ ಗೊತ್ತೈತಿ. ಗೊತ್ತಿದ್ದೂ ಗಂಡನ್ನ ಅದ ಕುಣಿಗೆ ನೂಕತೀನಿ ಅಂತಾಳ."

ಭೀಮಕ್ಕ ಒಲೆಯ ಮುಂದಿನಿಂದ ಏಳಲಿಲ್ಲ. "ಅವ್ರಿಗೆ ಎಲ್ಲಿ ಗೊತ್ತದ ಬಿಡ್ರಿ" ಎಂದಷ್ಟೇ ಗೊಣಗಿದಳು. ಅವನಿಗೆ ಕೆಮ್ಮು ಬಂದಿತ್ತು, ಕೇಳಿಸಲಿಲ್ಲ.

ಜಾಗವಿಲ್ಲ ಎಂದು ಬರೆದುಬಿಡಲೇ ಎಂದು ಯೋಚಿಸಿದ. ಮುಕಾದಮನ ಮಂದಿಯೇ ಹೋಗಿ ಡಂಗುರ ಹೊಡೆದಿರುವಾಗ, ಜಾಗವಿಲ್ಲ ಎಂದರೆ ಅಕ್ಕನ ಗಂಡನಿಗೆ ಅಡ್ಡಗಾಲು ಹಾಕಿದ ತಮ್ಮ ಎಂಬ ಹೆಸರು. ನಿಜ ಬರೆದರೆ ಓದುವವಳು ಕಾಂತಾ. ಮೂರು ದಿನ ಕಾಗದ ಮುಂದಿಟ್ಟುಕೊಂಡು ಕುಳಿತು ಕಡೆಗೆ ನಾಲ್ಕು ಸಾಲು ಗೀಚಿದ. ನಾವೆಲ್ಲ ಕ್ಷೇಮ. ಜಾಗ ಇದೆ. ಕಳಿಸುವುದು ಬಿಡುವುದು ನಿನಗೆ ಸೇರಿದ್ದು. ಕಳಿಸುವ ಮೊದಲು ನೀನು ಒಬ್ಬಳು ಬಂದು ಹೋದರೆ ಒಳ್ಳೆಯದು.

ಮೂಲೆಗಳನ್ನು ಈ ಸಲ ಬೇಕೆಂದೇ ತೋಳಿನಿಂದ ಒರೆಸಿ, ಒಂದು ಕಲೆಯೂ ಇಲ್ಲವೆಂದು ನೋಡಿ, ಭೀಮಕ್ಕನ ಕೈಗೆ ಕೊಟ್ಟ. ಇದನ್ನು ಕಂಡೂ ಬರದಿದ್ದರೆ ಅವಳು ಅಕ್ಕನೇ ಅಲ್ಲ ಎಂದುಕೊಂಡ.

ಹನ್ನೆರಡು ದಿನಗಳ ಮೇಲೆ ಬಾಗಿಲಲ್ಲಿ ನೆರಳು ಬಿತ್ತು. ಅಕ್ಕನಲ್ಲ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ರೊಟ್ಟಿಗಂಟು ಹಿಡಿದ ಅಕ್ಕನ ಗಂಡ ಹಣಮಪ್ಪ. ನಲವತ್ತೇಳು ವರ್ಷದ ಗಟ್ಟಿ ಆಳು, ಹುಟ್ಟಿದಾಗಿನಿಂದ ಕುರಿಯ ಹಿಂದೆ ನಡೆದ ಕಾಲು.

"ಏನೋ ಬಂಡ್ಯಾ, ಹಗಲ ಹೊತ್ತಿನಾಗ ಮಲಗೀದಿ! ರಾತ್ರಿ ಪಾಳಿ ಏನು?" ಎಂದು ಒಳಗೆ ಬಂದವನು, ಹಾಸಿಗೆಯಲ್ಲಿದ್ದುದನ್ನು ಸರಿಯಾಗಿ ನೋಡಿ ನಿಂತುಬಿಟ್ಟ. "ಇದೇನಲೇ, ಎಲುವಿನ ಹಂದರ ಆಗೀದಿ?"

"ಕುಂದರ ಮಾವ. ಅಕ್ಕ ಎಲ್ಲಿ?"

"ಆಕಿ ಯಾಕ ಬರ್ತಾಳ? ಎರಡ ವರ್ಷ ಆತು, ಪಂಚಮಿಗೆ ಒಮ್ಮೆ ಕರಿಯಾಕ ಬಂದೀಯೇನ? ಸಿಟ್ಟಾಗ್ಯಾಳ. ನಾನೂ ಅಂದೆ, ಬಂದು ಹೋಗು ಅಂತ ಬರದಾನ ನಿನ್ನ ತಮ್ಮ, ಹೋಗು ಅಂತ. ಭಂಡಾರ ಹಚ್ಚಿ ಕ್ಷೇಮ ಅಂತ ಬರದ ಮ್ಯಾಲ ಏನ ನೋಡೂದೈತಿ ಅಂದ್ಲು. ಕುರಿ ಕೊಟ್ಟಬಿಟ್ಟೆ. ನಾಳೆ ಬಾ ಅಂತ ಮುಕಾದಮ ಹೇಳ್ಯಾನ."

"ಯಾರು ಹಚ್ಚಿದ್ದು ಭಂಡಾರ?"

"ಯಾರು ಅಂದ್ರ? ನೀನ."

ಹಣಮಪ್ಪ ಅಂಗಿಯ ಕಿಸೆಯಿಂದ ಆ ಇನ್‌ಲ್ಯಾಂಡ್ ತೆಗೆದು ಹಾಸಿಗೆಯ ಮೇಲೆ ಹಾಕಿದ. ಒರೆಸಿ ಕಳಿಸಿದ್ದ ನಾಲ್ಕು ಮೂಲೆಗೂ ಹಳದಿ. ಹೆಬ್ಬೆಟ್ಟಿನ ಗೆರೆ ಕಾಣುವಷ್ಟು ದಪ್ಪಗೆ ಒತ್ತಿ ಹಚ್ಚಿದ ಭಂಡಾರ.

ಬಂಡೆಪ್ಪ ಹೆಂಡತಿಯ ಕಡೆ ತಿರುಗಿದ. ಭೀಮಕ್ಕ ನೀರಿನ ತಂಬಿಗೆ ಹಿಡಿದುಕೊಂಡು ಅಲ್ಲೇ ನಿಂತಿದ್ದಳು.

"ನೀ ಹಚ್ಚಿದೇನ?"

ಅವಳು ತಂಬಿಗೆಯನ್ನು ಕೆಳಗಿಟ್ಟಳು.

"ಎಷ್ಟಕ್ಕ ಹಚ್ಚೀದಿ?"

"ಎಲ್ಲಾಕ್ಕೂ" ಎಂದಳು. "ಎರಡ ವರ್ಷದಿಂದ ಎಲ್ಲಾಕ್ಕೂ ನಾನ ಹಚ್ಚೀನಿ."

"ಯಾಕ ಹಚ್ಚಿದಿ? ನನಗೊಂದ ಮಾತ ಕೇಳಬಾರದೇನ?"

"ಏನಂತ ಕೇಳ್ಲಿ? ನಿಮ್ಮ ತಾಯಿ ಇದ್ದಾಗಿಂದ ನೋಡೀನಿ. ಭಂಡಾರ ಇಲ್ಲದ ಕಾಗದ ಈ ಮನಿಗೆ ಒಮ್ಮೆ ಬಂದೈತಿ, ಅವತ್ತ ಕೂಸಿನ ಹೆಣ ಬಿದ್ದೈತಿ. ನೀವು ಬರೇ ಕಾಗದ ಕೈಯಾಗ ಕೊಟ್ರಿ. ಡಬ್ಬಿ ಮುಂದ ನಿಂತೆ, ಹಾಕಾಕ ಕೈ ಬರ್ಲಿಲ್ಲ. ನಾನ ನನ್ನ ಕೈಲೆ ಗಂಡನ ಸಾವು ಡಬ್ಬಿಗೆ ಹಾಕ್ಲೇನು? ಕ್ಷೇಮ ಅಂತ ಬರದಾರ, ಭಂಡಾರ ಹಚ್ಚಿದ್ರ ದೇವ್ರು ಅದನ್ನ ಖರೆ ಮಾಡ್ಲಿ ಅಂತ ಹಚ್ಚೀನಿ. ಏನೀಗ, ಹೊಡೀರಿ."

ಹೊಡೆಯುವ ಶಕ್ತಿ ಅವನಲ್ಲಿರಲಿಲ್ಲ. ಎರಡು ವರ್ಷ ಅವನು ಅಕ್ಕನ ಮೇಲೆ ಹಲ್ಲು ಕಡಿದಿದ್ದ, ಅಕ್ಕ ಅವನ ಮೇಲೆ ಮೋರೆ ತಿರುವಿದ್ದಳು. ಇಬ್ಬರ ನಡುವೆ ನಿಂತ ಹೆಣ್ಣು ದೇವರ ಹೆಸರಿನಲ್ಲಿ ಅವನ ಸುಳ್ಳಿಗೆ ಮುದ್ರೆ ಒತ್ತುತ್ತ ಬಂದಿದ್ದಳು. ಬೈಯುವುದಾದರೆ ಮೊದಲು ತನ್ನನ್ನೇ ಬೈದುಕೊಳ್ಳಬೇಕಿತ್ತು. ಸುಳ್ಳು ಬರೆದ ಕೈ ಅವನದು.

ಅವನು ಹಣಮಪ್ಪನಿಗೆ ಎಲ್ಲ ಹೇಳಿದ. ಧೂಳು, ಎರಡು ಸಲದ ಗುಳಿಗೆ, ಡಾಕ್ಟರ್ ಬಾಯಿಯ ಮಾತು. ಗೋಡೆಗೆ ಆನಿಸಿಟ್ಟಿದ್ದ ಎದೆಯ ಫೋಟೋ ತೆಗೆದು ತೋರಿಸಿದ. ಹಣಮಪ್ಪ ಅದನ್ನು ಬೆಳಕಿಗೆ ಹಿಡಿದು, ತಿರುವಿ, ತಲೆಕೆಳಗೆ ಮಾಡಿ ನೋಡಿದ.

"ಇದರಾಗ ನನಗೇನ ಕಾಣ್ಸತೈತೋ? ಬೆಳಗ ಮುಂಜಾನಿ ಮಂಜು ಬಿದ್ದಂಗೈತಿ."

"ಅದ ಮಂಜ ನನ್ನ ಎದಿಯಾಗ ಐತಿ ಮಾವ. ನೀ ಹೋಗಬ್ಯಾಡ."

"ಹೋಗದ ಏನ ಮಾಡ್ಲಿ? ಕುರಿ ಇಲ್ಲ, ಮಾಳ ಇಲ್ಲ. ನೀವು ಪ್ಯಾಟಿ ಮಂದಿ ಕೆಮ್ಮಿದ್ರ ದವಾಖಾನಿ, ಸೀನಿದ್ರ ದವಾಖಾನಿ. ನಿನಗ ಟೀಬಿ ಬಂದಿತ್ತು, ನೆಟ್ಟಗ ಉಂಡು ಉಟ್ಟು ಮಾಡ್ಲಿಲ್ಲ, ಮುರದಬಿದ್ದಿ. ನಾ ಮಳ್ಯಾಗ ಚಳ್ಯಾಗ ಬೆಳದಾಂವ."

ಮರುದಿನ ಬೆಳಿಗ್ಗೆ ಅವನು ಹೋದ. ಮುಕಾದಮ ಅವನಿಗೆ ಕೊಟ್ಟದ್ದು ಬಂಡೆಪ್ಪನದೇ ಗ್ರೈಂಡರ್, ಬಂಡೆಪ್ಪನದೇ ಜಾಗ. ಸಂಜೆ ಹುಬ್ಬು ಬೆಳ್ಳಗೆ ಮಾಡಿಕೊಂಡು ಬಂದು, ಪುಡಿಕೆ ಬಿಚ್ಚಿ, ಉಳಿಸಿ ತಂದಿದ್ದ ಬೆಲ್ಲ ಭೀಮಕ್ಕನ ಮುಂದಿಟ್ಟ. "ತಗೋ ತಂಗೀ, ಚಾಕ್ಕ ಆತು. ಛಲೋ ಬೆಲ್ಲ ಐತಿ." ಬಂಡೆಪ್ಪ ಗೋಡೆಗೆ ಮುಖ ಮಾಡಿ ಮಲಗಿದ.

ಹೀಗೇ ಐದು ದಿನ. ದಿನಕ್ಕೆ ಎಂಟು ಗಂಟೆಯಂತೆ ಆ ಎದೆಗೆ ಎಷ್ಟು ಇಳಿದಿರಬಹುದೆಂದು ಅವನು ಲೆಕ್ಕ ಹಾಕುತ್ತಿದ್ದ. ಬೇರೆ ಕೆಲಸವೇನಿತ್ತು? ಆರನೆಯ ದಿನ ರವಿವಾರ ಬೆಳಿಗ್ಗೆ, ಹಣಮಪ್ಪ ಓವರ್‌ಟೈಮಿಗೆ ಹೋದ ಮೇಲೆ, ಅಂಗಿ ತೊಟ್ಟುಕೊಂಡ.

"ಎಲ್ಲಿಗೆ?" ಎಂದಳು ರೂಪಾಲಿ.

"ಖಾನಾಪುರಕ್ಕ. ಅಕ್ಕಗ ಹೇಳಬೇಕು. ಆಕಿ ಮಾತ ಕೇಳ್ಯಾನು." ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವನು ಉಸಿರು ಸಿಗದೆ ಹಾಗೇ ಕುಳಿತ. "ನಾ ಹೋಗಿ ಬಾಯಿ ಬಿಟ್ರ ನಿನ್ನ ಮಾತು ಮುರೀತೈತಿ ಮಗಳ. ಆ ಕಾಂತಾ ಬಾಜೂಕ ಅದಾಳ."

ರೂಪಾಲಿ ಹಲ್ಲಿನಿಂದ ದಾರ ಕಚ್ಚಿ ಹರಿದಳು. "ಮುರದ್ರ ಮುರೀಲಿ. ಹೆಂಚಿನ ಕಾರ್ಖಾನ್ಯಾಗ ಏನ ಗುಲಾಬಿ ಹೂವಾ ಹಾರತಾವು? ಅಲ್ಲೂ ಧೂಳ ಅದ." ಆಮೇಲೆ ತಲೆ ಎತ್ತದೆ, "ನಾನೂ ಬರ್ತೀನಿ, ಒಬ್ಬಾವ ಹೋಗಬ್ಯಾಡ" ಎಂದಳು. ಅವನು ಬೇಡವೆಂದ. ಮಗಳ ಎದುರು ಆ ಮಾತು ಆಡುವುದು ಅವನಿಂದಾಗುತ್ತಿರಲಿಲ್ಲ.

ಬಸ್ಸು ಒಂದು ತಾಸಿನ ದಾರಿ. ಖಾನಾಪುರದ ಸ್ಟ್ಯಾಂಡಿನಿಂದ ಹೊಳೆಯ ಕಡೆಯ ಓಣಿಗೆ ಹತ್ತು ನಿಮಿಷದ ಹಾದಿ. ಅವನಿಗೆ ಮುಕ್ಕಾಲು ತಾಸು ಹಿಡಿಯಿತು. ಮೂರು ಕಟ್ಟೆಗಳ ಮೇಲೆ ಕುಳಿತೆದ್ದ. ಬಾಗಿಲು ಮುಟ್ಟುವ ಹೊತ್ತಿಗೆ ತುಟಿ ನೇರಳೆಯಾಗಿತ್ತು.

ಮಾಯಕ್ಕ ಬರಿದಾದ ಕುರಿದೊಡ್ಡಿಯನ್ನು ಗುಡಿಸುತ್ತಿದ್ದಳು. ಬಾಜೂ ಮನೆಯ ಕಟ್ಟೆಯ ಮೇಲೆ ಕಾಂತಾ ಅಕ್ಕಿ ಆರಿಸುತ್ತಿದ್ದಳು. ಮಾಯಕ್ಕ ಮೊದಲು ಯಾರೋ ಭಿಕ್ಷುಕ ಎಂದುಕೊಂಡು "ಮುಂದ ಹೋಗಪ್ಪಾ" ಎಂದಳು. ಆಮೇಲೆ ಕಸಬರಿಗೆ ಕೈಯಿಂದ ಬಿತ್ತು.

"ಬಂಡೂ?"

ಅವನು ಕೈ ಎತ್ತಿ, ತಡೆ ಎಂಬಂತೆ ಸನ್ನೆ ಮಾಡಿ, ಉಸಿರು ಬರುವವರೆಗೆ ಕಂಬ ಹಿಡಿದು ನಿಂತ. ಕಾಂತಾ ಮೊರ ಕೆಳಗಿಟ್ಟು ಎದ್ದು ಬಂದಳು. ಎದುರು ಮನೆಯ ಇಬ್ಬರು ಹೆಂಗಸರೂ ಬಂದರು. ಬರಲಿ ಎಂದುಕೊಂಡ.

"ಅಕ್ಕಾ, ಎರಡ ವರ್ಷ ಆತು, ನನ್ನ ಎದಿ ಹೋಗಿ. ಫೌಂಡ್ರಿ ಧೂಳ ಕುಂತೈತಿ, ಔಷಧ ಇಲ್ಲ. ಕ್ಷೇಮ ಅಂತ ಬರದದ್ದೆಲ್ಲಾ ಸುಳ್ಳ."

"ಭಂಡಾರ ಹಚ್ಚಿ ಸುಳ್ಳ ಬರದೀ?" ಮಾಯಕ್ಕನ ದನಿ ಏರಿತು. "ಅವ್ವನ ಭಂಡಾರ ಹಚ್ಚಿ?"

"ನಾ ಹಚ್ಚಿಲ್ಲ. ಭೀಮಿ ಹಚ್ಯಾಳ, ನನಗ ಗೊತ್ತಿಲ್ದಂಗ. ನಾ ಬರೇ ಕಾಗದ ಕಳಿಸೀನಿ, ನೀ ಬರ್ತಿ ಅಂತ."

ಮಾಯಕ್ಕ ದೊಡ್ಡಿಯ ಗೋಡೆಗೆ ಒರಗಿ ಕುಸಿದು ಕುಳಿತಳು.

"ಟೀಬಿ ಅಲ್ಲಾ ಅದು?" ಎಂದಳು ಕಾಂತಾ. ಕೇಳುವಾಗಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಟೀಬಿ ಅಲ್ಲವ್ವಾ. ಅಂಟೂದಿಲ್ಲ."

"ಅಂಟೂದಿಲ್ಲ ಅಂದ್ರ ಛಲೋ ಆತ ಬಿಡ್ರಿ" ಎಂದು ಕಾಂತಾ ಮೊರ ಎತ್ತಿಕೊಂಡು 'ಒಲಿ ಮ್ಯಾಲ ಹಾಲ ಇಟ್ಟೀನಿ' ಎನ್ನುತ್ತ ಒಳಗೆ ಹೋದಳು. ಬಾಗಿಲು ಹಾಕಿಕೊಂಡ ಸಪ್ಪಳ ಕೇಳಿಸಿತು. ಹಗಲು ಹನ್ನೊಂದು ಗಂಟೆಗೆ ಆ ಓಣಿಯಲ್ಲಿ ಯಾರೂ ಬಾಗಿಲು ಹಾಕುವುದಿಲ್ಲ. ಬಂಡೆಪ್ಪ ಆ ಬಾಗಿಲನ್ನು ನೋಡಿದ, ಮಾಯಕ್ಕನೂ ನೋಡಿದಳು. ರೂಪಾಲಿಯ ಮದುವೆಯ ಮಾತು ಅಲ್ಲಿಗೆ ಮುಗಿಯಿತು.

"ಅಳಬ್ಯಾಡ, ಟೈಮಿಲ್ಲ" ಎಂದ ಬಂಡೆಪ್ಪ. "ಮಾವ ನನ್ನ ಜಾಗಾದಾಗ ನಿಂತಾನ. ಇವತ್ತಿಗೆ ಆರ ದಿನ. ನನ್ನ ಮಾತ ಕೇಳವಲ್ಲ."

"ಅಳಾಕ ಯಾರ ಕುಂತಾರ?" ಎಂದು ಮಾಯಕ್ಕ ಎದ್ದಳು. ಮುಖ ತೊಳೆದು, ಸೆರಗು ಸಿಗಿಸಿ, ಮನೆಗೆ ಕೀಲಿ ಹಾಕಿದಳು. ಸ್ಟ್ಯಾಂಡಿಗೆ ಹೋಗುವಾಗ ದಾರಿಯುದ್ದಕ್ಕೂ ಬೈದಳು. ತಮ್ಮನನ್ನು, ಭೀಮಿಯನ್ನು, ಗಂಡನನ್ನು, ಪಂಚಮಿಯ ಸಿಟ್ಟಿಗೆ ಕಟ್ಟುಬಿದ್ದ ತನ್ನನ್ನು. ಬೈಯುತ್ತಲೇ ಅವನ ರಟ್ಟೆಯ ಕೆಳಗೆ ಹೆಗಲು ಕೊಟ್ಟು ನಡೆಸಿದಳು.

ಉದ್ಯಮಬಾಗ ಮುಟ್ಟಿದಾಗ ಊಟದ ಬಿಡುವು. ಫೌಂಡ್ರಿಯ ಗೇಟಿನಾಚೆ ಬೇವಿನ ಮರದಡಿ ಏಳೆಂಟು ಜನ ಬುತ್ತಿ ಬಿಚ್ಚಿದ್ದರು. ಹಣಮಪ್ಪನನ್ನು ಮಾಯಕ್ಕ ಗುರುತು ಹಿಡಿದದ್ದು ಕಂಬಳಿಯಿಂದ. ಮುಖ ಬೂದಿಯಲ್ಲಿ ಅದ್ದಿದಂತಿತ್ತು.

"ಏಳು. ಮನಿಗೆ ನಡಿ."

"ಬಂದ್ಲಪ್ಪಾ ಮಾಲಕತಿ" ಎಂದ ಅವನು, ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ. ಸುತ್ತಲಿದ್ದವರು ನಕ್ಕರು. "ಯಾವ ಮನಿಗೆ ನಡೀಲಿ? ಕುರಿ ಮಾರಿ ಬಂದೀವಿ, ನೆನಪೈತಿಲ್ಲ? ಬಂಡ್ಯಾ ಹೇಳಿದ್ದ ನಾನೂ ಕೇಳೀನಿ. ಆರ ದಿನ ಆತು, ನನಗೇನಾಗೇತಿ? ಒಂದ ಕೆಮ್ಮ ಬಂದಿಲ್ಲ."

"ಅಂವಗೂ ಹದಿನಾರ ವರ್ಷ ಬಂದಿಲ್ಲಂತ."

"ಹದಿನಾರ ವರ್ಷ ನಾ ಎಲ್ಲಿ ಬದಕತೀನಿ, ಬಿಡ."

ಮಾಯಕ್ಕ ಮಾತು ಬೆಳೆಸಲಿಲ್ಲ. ತಮ್ಮನನ್ನು ಅವನ ಮುಂದೆ ಕಲ್ಲಿನ ಮೇಲೆ ಕೂರಿಸಿ, ಬೆನ್ನು ಅವನ ಕಡೆ ತಿರುಗಿಸಿ, ಅಂಗಿಯನ್ನು ಹಿಂದಿನಿಂದ ಮೇಲಕ್ಕೆತ್ತಿದಳು. ಪಕ್ಕೆಲುಬು ಎಣಿಸುವಂತಿದ್ದವು.

"ಸಂತ್ಯಾಗ ಕುರಿ ತಗೋಬೇಕಾದ್ರ ನೀ ಏನ ಮಾಡತಿದ್ದಿ? ಮಾರಾವನ ಮಾತ ಕೇಳತಿದ್ದೇನ? ಕಿವಿ ಹಚ್ಚಿ ನೋಡತಿದ್ದಿ. ಹಚ್ಚು."

"ಹುಚ್ಚಿ ಅದೀಯೇನ, ಮಂದಿ ನೋಡಾಕತ್ಯಾರ."

"ನೋಡ್ಲಿ. ಅವರೂ ಕೇಳ್ಲಿ. ಹಚ್ಚು."

ಹಣಮಪ್ಪ ನಗುತ್ತಲೇ ರೊಟ್ಟಿ ಕೆಳಗಿಟ್ಟು ಮಂಡಿಯೂರಿದ. ರೂಢಿಯ ಕೈ, ತಾನಾಗಿಯೇ ಬಂಡೆಪ್ಪನ ಇನ್ನೊಂದು ಪಕ್ಕೆಯನ್ನು ಹಿಡಿದುಕೊಂಡಿತು. ಕಿವಿಯನ್ನು ಬೆನ್ನಿಗೆ ಒತ್ತಿದ. ಒಳಗಿನ ಶೆಡ್ಡಿನಿಂದ ಸಪ್ಪಳ ಬರುತ್ತಿತ್ತು, ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡ.

ನಗು ಹೋಯಿತು. ಕಿವಿಯನ್ನು ಕೆಳಗಿನಿಂದ ಮೇಲಕ್ಕೆ, ಎಡದಿಂದ ಬಲಕ್ಕೆ ಸರಿಸಿದ. ಕುರಿಯನ್ನು ನೋಡುವಂತೆಯೇ ಒಂದೊಂದು ಕಡೆ ಎರಡೆರಡು ಉಸಿರಿಗೆ ಕಾದ. ಒಣಗಿದ ಎಲೆಯ ಮೇಲೆ ಕಾಲಿಟ್ಟಂಥ ಸಪ್ಪಳ. ಅದನ್ನು ಅವನು ಬದುಕಿನಲ್ಲಿ ಎಷ್ಟು ಸಲ ಕೇಳಿದ್ದನೋ. ಕೇಳಿದ ಯಾವ ಕುರಿಯನ್ನೂ ಕೊಂಡವನಲ್ಲ. ತನ್ನ ಹಿಂಡಿನಲ್ಲೇ ಕೇಳಿಸಿದರೆ, ಅದು ಎಷ್ಟು ಮಳೆ ದಾಟುತ್ತದೆ ಎಂಬುದನ್ನು ವಾರದ ಹೆಚ್ಚುಕಡಿಮೆಯಲ್ಲಿ ಹೇಳಬಲ್ಲವನು.

ಬುತ್ತಿ ತಿನ್ನುತ್ತಿದ್ದವರಲ್ಲಿ ಒಬ್ಬ ಕೆಮ್ಮಿದ. ಉಳಿದವರು ಅವನ ಕಡೆ ನೋಡಿದರು.

"ಮಾವ," ಎಂದ ಬಂಡೆಪ್ಪ, ತಿರುಗದೆ. "ಎಷ್ಟ ದಿನ ಐತಿ?"

ಹಣಮಪ್ಪ ಅಂಗಿಯನ್ನು ಕೆಳಗೆಳೆದು, ಬೆನ್ನಿನ ಮೇಲೆ ಸಾಪು ಮಾಡಿದ. "ನೀ ಕುರಿ ಅಲ್ಲಲೇ" ಎಂದ. ಹೆಂಡತಿಯ ಕಡೆ ನೋಡಿ ತಲೆ ಅಲ್ಲಾಡಿಸಿದ. ಅವಳಿಗೆ ತಿಳಿಯಿತು.

"ನೀ ಈ ಮಳಿಗಾಲ ಇಲ್ಲೇ ಇರು" ಎಂದ ಅವಳಿಗೆ.

ಗಂಟೆ ಬಾರಿಸಿತು. ಜನ ಎದ್ದರು, ಒಬ್ಬರ ಮುಖ ಒಬ್ಬರು ನೋಡದೆ ಬಾಯಿಗೆ ಅರಿವೆ ಕಟ್ಟಿಕೊಂಡು ಒಳಗೆ ಹೋದರು. ಗೇಟಿನಲ್ಲಿ ಮುಕಾದಮ ನಿಂತಿದ್ದ. "ಏ ಖಾನಾಪುರ, ಬಿಡುವು ಮುಗೀತು, ಏಳು."

ಹಣಮಪ್ಪ ಕಂಬಳಿ ಕೊಡವಿದ. ಬಿಳಿಯ ಧೂಳು ಎದ್ದಿತು. ಅದನ್ನು ಅವನು ದೂರ ಹಿಡಿದು ಮತ್ತೊಮ್ಮೆ ಕೊಡವಿದ, ಮತ್ತೊಮ್ಮೆ ಕೊಡವಿದ.

"ನಾ ಬರೂದಿಲ್ರಿ."

"ಆರ ದಿನಕ್ಕ ದಣದೇನಪ್ಪಾ? ಹೊರಗ ಇಪ್ಪತ್ತ ಮಂದಿ ನಿಂತಾರ."

"ಕರೀರಿ ಅವ್ರನ್ನ" ಎಂದ ಹಣಮಪ್ಪ. "ನಿಮಗೇನ, ಹೊಸ ಎದಿ ಸಿಗತಾವು."

ಮುಂದೆ ಏನು ಮಾಡುವುದೆಂದು ಅವನಿಗೆ ಗೊತ್ತಿರಲಿಲ್ಲ. ಕಿತ್ತೂರ ಕಡೆಯ ದೊಡ್ಡ ಹಿಂಡಿನವರು ಕೂಲಿಗೆ ಕುರುಬರನ್ನು ಇಟ್ಟುಕೊಳ್ಳುತ್ತಾರೆ ಎಂದು ಕೇಳಿದ್ದ. ಅರವತ್ತು ಕುರಿಯ ಒಡೆಯನಾಗಿದ್ದವನು ಇನ್ನೊಬ್ಬರ ಕುರಿಯ ಹಿಂದೆ ನಡೆಯಬೇಕು. ಅದನ್ನು ಆಮೇಲೆ ನೋಡಿದರಾಯಿತು ಎಂದು ಕಂಬಳಿ ಹೆಗಲಿಗೆ ಹಾಕಿದ.

ಗೇಟಿನಿಂದ ಮಜಗಾವಿಯ ಖೋಲಿಗೆ ಅರ್ಧ ಮೈಲು. ಮಾಯಕ್ಕ ಭೀಮಕ್ಕನಿಗೆ ಹೇಳಲೆಂದು ಮುಂದೆ ಹೋದಳು. ಗಂಡಸರಿಬ್ಬರೇ ನಡೆದರು. ಬಂಡೆಪ್ಪ ಮೂವತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ. ಅವನು ನಿಂತಾಗಲೆಲ್ಲ ಹಣಮಪ್ಪನೂ ನಿಲ್ಲುತ್ತಿದ್ದ, ಏನಾಯಿತೆಂದು ಕೇಳದೆ, ಬೇರೆ ಎಲ್ಲೋ ನೋಡುತ್ತ. ಕುಂಟುವ ಜೀವದ ನಡಿಗೆಗೆ ತನ್ನ ನಡಿಗೆ ಹೊಂದಿಸುವುದು ಅವನಿಗೆ ಹುಟ್ಟಿನಿಂದ ರೂಢಿ. ಮೂರನೆಯ ಸಲ ನಿಂತಾಗ ಹಿಂದೆ ಶೆಡ್ಡಿನಲ್ಲಿ ಗ್ರೈಂಡರ್ ಕಿರುಚಿತು. ಹದಿನೇಳು ವರ್ಷ ಹಿಡಿದವನಿಗೆ ಅದರ ದನಿ ಗೊತ್ತು. ಅದು ಅವನದೇ. ಆಗಲೇ ಯಾರೋ ಹಿಡಿದಿದ್ದರು.